ಗೇಣು ಅಂತರದ ಗರಿಕೆ

ಗರಿಕೆ ಮತ್ತೆ ಬಂದಿತ್ತು. ನಿನ್ನೆಯಷ್ಟೇ ಬೇರುಸಮೇತ ಕಿತ್ತು, ಮಣ್ಣು ಜರಡಿ ಹಿಡಿದು, ಬಾಚಿಟ್ಟಿದ್ದ ಡೇರೆ ಹೂವಿನ ಪಾತಿಯಲ್ಲಿ ಐದು ಎಳೆಗಳು ತಲೆಯೆತ್ತಿದ್ದವು. ಅದೂ ಅಡ್ಡಾದಿಡ್ಡಿಯಾಗಿ ಅಲ್ಲ. ನೆಟ್ಟಗೆ ಒಂದೇ ಸಾಲು, ಒಂದೊಂದರ ನಡುವೆ ಒಂದು ಗೇಣು ಅಂತರ.

ಸಾಹೇಬರು ಮಂಡಿಯೂರಿ ಕೂತು, ಕನ್ನಡಕ ಏರಿಸಿ, ಟೇಪು ಹಿಡಿದು ಅಳೆದರು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಅಳೆಯದೆ ಸಿಟ್ಟು ಮಾಡಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಅಳೆದ ಮೇಲೆ ಗೋಡೆಯಾಚೆಗಿನ ಮನೆಯ ಕಡೆ ನೋಡಿದರು. ಅಲ್ಲಿರುವುದು ನಿವೃತ್ತ ಹೆಡ್‌ಮಾಸ್ಟರು.

"ನೋಡಿದ್ಯಾ? ಮಕ್ಕಳನ್ನ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದಾನೆ. ಕಸುಬಿನ ಬುದ್ಧಿ ಎಲ್ಲಿ ಬಿಡತ್ತೆ," ಎಂದರು, ಚಹಾ ತಂದ ಹೆಂಡತಿಗೆ.

"ಇರಬಹುದು ರೀ. ಆಮೇಲೆ, ನನ್ನ ಚಪ್ಪಲಿ ಉಂಗುಷ್ಟ ಕಿತ್ತು ತಿಂಗಳಾಯ್ತು, ಸ್ವಲ್ಪ ಹೊಲಿಸಿ..."

"ಪಾತಿ ಮೊದಲು. ಪಾತಿ ಮುಗೀಲಿ, ಚಪ್ಪಲೀನೂ ನೋಡ್ತೀನಿ, ಅಡುಗೆಮನೇನೂ ನೋಡ್ತೀನಿ. ಅಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ."

ಹೆಂಡತಿ ಲೋಟ ಕೆಳಗಿಟ್ಟರು.

ಅಡುಗೆಮನೆಯ ಕೆಲಸ ಎಂದರೆ ನಿವೃತ್ತಿಯ ಮರುದಿನವೇ ಸಾಹೇಬರು ಕೈಗೆತ್ತಿಕೊಂಡಿದ್ದ ಸುಧಾರಣೆ. ಮೂರು ವಾರ ಅವರು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಉಪ್ಪು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಬೀನ್ಸ್ ಹೆಚ್ಚಿದರೆ ಎಲ್ಲ ತುಂಡೂ ಬೆರಳುದ್ದ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಪಾಟಿನಲ್ಲಿ ಡಬ್ಬಗಳು ಒಂದೇ ಸಾಲಿನಲ್ಲಿ, ನಡುವೆ ಗೇಣು ಅಂತರ ಬಿಟ್ಟು ನಿಲ್ಲಬೇಕು. ಮೂವತ್ತೈದು ವರ್ಷ ಕಣ್ಣಳತೆಯಲ್ಲಿ ಅಡುಗೆ ಮಾಡಿದ್ದ ಹೆಂಡತಿ ಮೂರೇ ವಾರದಲ್ಲಿ ಸೊರಗಿ ಕಡ್ಡಿಯಾಗಿದ್ದರು. ಅಷ್ಟರಲ್ಲಿ ದೇವರ ದಯೆ, ಪಾತಿಯಲ್ಲಿ ಗರಿಕೆ ಕಾಣಿಸಿಕೊಂಡಿತು. ಸಾಹೇಬರು ಕುರ್ಚಿ ಎತ್ತಿಕೊಂಡು ಹೊರಗೆ ಬಂದರು. ಆಮೇಲೆ ಹೆಂಡತಿಯ ಮೈ ಸ್ವಲ್ಪ ತುಂಬಿಕೊಂಡಿದೆ; ಅದನ್ನು ಅಳೆಯಲು ಸಾಹೇಬರಿಗೆ ಪುರುಸೊತ್ತಾಗಿಲ್ಲ.

ಗರಿಕೆ ಕೀಳುವುದರಲ್ಲೂ ಅವರದು ಶಿಸ್ತು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಅದು ಚಿಗುರಿ ಪಾತಿ ತುಂಬುತ್ತದೆ ಎಂದು ಅವರಿಗೆ ಗೊತ್ತು. ಕಿತ್ತಿದ್ದನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದರು. ಚೀಲವನ್ನು ದೂರ ಒಯ್ದು ಎಸೆಯುವಂಥ ಬುದ್ಧಿ ಬೇಡದ ಕೆಲಸ ಮಾತ್ರ ಹೆಂಡತಿಯದು.

ಈ ಸಲ ಅವರು ಕಳ್ಳನನ್ನು ಹಿಡಿದೇ ತೀರಬೇಕೆಂದು ಪಣ ತೊಟ್ಟರು. ಎಳೆಗಳನ್ನು ಕಿತ್ತು, ಹೆಂಡತಿಯ ಪೌಡರ್ ಡಬ್ಬಿಯನ್ನು ಪಾತಿಯ ಸುತ್ತ ಪೂರ್ತಿ ಉದುರಿಸಿ, ಹಿಂದೆ ಹಿಂದೆ ಸರಿದು ಬಂದರು. ಆಮೇಲೆ ಕಿಟಕಿಯಲ್ಲಿ ಕಾವಲು. ಊಟದ ನಂತರ ಒಂದು ಗಂಟೆ ನಿದ್ದೆ ಮಾಡಿದ್ದು ಬಿಟ್ಟರೆ ಕಣ್ಣು ಮಿಟುಕಿಸಲಿಲ್ಲ.

ಮರುದಿನ ಬೆಳಿಗ್ಗೆ ಪಾತಿಯಲ್ಲಿ ಏಳು ಎಳೆ. ಪೌಡರಿನ ಮೇಲೆ ಹೆಜ್ಜೆ ಗುರುತು ಬೇಕಾದಷ್ಟಿದ್ದವು. ಸಾಹೇಬರು ಕನ್ನಡಕ ಏರಿಸಿದರು. ಬಗ್ಗಿ ನೋಡಿದರೆ ಎಲ್ಲವೂ ಅವರದೇ ಚಪ್ಪಲಿ. ಎಡಗಾಲಿನ ಹಿಮ್ಮಡಿ ಸವೆದ, ಒಂಬತ್ತನೇ ನಂಬರಿನ ಚಪ್ಪಲಿ. ಜೀವಮಾನವಿಡೀ ಬೇರೆಯವರ ತಪ್ಪು ಹಿಡಿದ ಮನುಷ್ಯ ತನ್ನ ಚಪ್ಪಲಿಯನ್ನು ಸಾಕ್ಷಿಯೆಂದು ಎಣಿಸುವುದುಂಟೇ? ನೋಟುಪುಸ್ತಕದಲ್ಲಿ ಬರೆದುಕೊಂಡರು: ಹೊರಗಿನವರ ಹೆಜ್ಜೆ ಸೊನ್ನೆ. ಗರಿಕೆ ಗೋಡೆಯ ಅಡಿಯಿಂದಲೇ ಬರುತ್ತಿದೆ.

ಟೇಪು, ನೋಟುಪುಸ್ತಕ, ಸಿಟ್ಟು ಮೂರನ್ನೂ ಹಿಡಿದುಕೊಂಡು ಹೆಡ್‌ಮಾಸ್ಟರ ಗೇಟು ತೆಗೆದರು. ಹೆಡ್‌ಮಾಸ್ಟರು ತಮ್ಮ ಗುಲಾಬಿ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗರಿಕೆ ಕೀಳುತ್ತಿದ್ದರು.

"ಬನ್ನಿ, ನಾನೇ ಬರೋನಿದ್ದೆ," ಎಂದು ಹೆಡ್‌ಮಾಸ್ಟರು ಕಿತ್ತ ತುಂಡುಗಳನ್ನು ಅಂಗೈಮೇಲೆ ಹರಡಿದರು. "ನಿಮ್ಮ ಮನೆಯಿಂದ ಬರೋ ಗರಿಕೆ ನೋಡಿ. ಎಲ್ಲಾ ಒಂದೇ ಅಳತೆ, ಬೆರಳುದ್ದ. ಅಳತೆ ಯಾರ ಕಸುಬು ಅಂತ ನಾನು ಹೇಳ್ಬೇಕಾ?"

ಅರ್ಧ ಗಂಟೆ ಜಗಳವಾಯಿತು. ಹೆಡ್‌ಮಾಸ್ಟರು ಎರಡು ಸಲ ವ್ಯಾಕರಣ ತಿದ್ದಿದರು. ಕಡೆಗೆ ಇಬ್ಬರಿಗೂ ಏದುಸಿರು ಬಂದು, ಒಂದೇ ಕಲ್ಲುಬೆಂಚಿನ ಮೇಲೆ ಕೂತು, ತಪ್ಪು ಗೋಡೆಯದೇ ಎಂಬ ತೀರ್ಮಾನಕ್ಕೆ ಬಂದರು. ಗೋಡೆಯುದ್ದಕ್ಕೂ ಎರಡೂ ಕಡೆ ಮೊಣಕಾಲುದ್ದ ಕಂದಕ ತೋಡಿ ತಗಡು ಹೂಳಬೇಕು. ಆಳಿಗೆ ಕೊಟ್ಟರೆ ಕೆಟ್ಟೀತು, ತಾವೇ ತೋಡಬೇಕು. ಹೆಡ್‌ಮಾಸ್ಟರು ಲೆಕ್ಕ ಹಾಕಿ ಎಂಟು ತಿಂಗಳೆಂದರು.

ಸಾಹೇಬರು ಮನೆಗೆ ಬಂದು, ಇಷ್ಟು ದಿನದಲ್ಲಿ ಮೊದಲ ಬಾರಿಗೆ ಹೆಂಡತಿಯೆದುರು ತಲೆ ತಗ್ಗಿಸಿದರು. "ಅಡುಗೆಮನೆ ಕೆಲಸ ಸದ್ಯಕ್ಕೆ ಆಗಲ್ಲ ಕಣೇ. ಬೇಜಾರು ಮಾಡ್ಕೋಬೇಡ."

ಹೆಂಡತಿ ನಿಟ್ಟುಸಿರು ಬಿಟ್ಟರು. "ಏನ್ ಮಾಡಕ್ಕಾಗತ್ತೆ ಬಿಡಿ. ತಡ್ಕೋತೀನಿ."

ಅಂದು ಮಧ್ಯಾಹ್ನ, ಎರಡೂ ಮನೆಗಳಲ್ಲಿ ಗೊರಕೆ ಏರಿದ ಮೇಲೆ, ಆಕೆ ಗಂಡನ ಒಂಬತ್ತನೇ ನಂಬರಿನ ಚಪ್ಪಲಿ ಮೆಟ್ಟಿಕೊಂಡು ಗೋಡೆಯ ಹತ್ತಿರ ಹೋಗಿ, ಬೆರಳುದ್ದಕ್ಕೆ ಹೆಚ್ಚಿದ ಗರಿಕೆಯ ಚೀಲವನ್ನು ಆಚೆ ದಾಟಿಸಿ, ಹೆಡ್‌ಮಾಸ್ಟರ ಹೆಂಡತಿ ಕೊಟ್ಟ ಚೀಲವನ್ನು ಈಚೆ ಇಳಿಸಿಕೊಂಡು, "ಇನ್ಮೇಲೆ ನಾನೂ ಅಳತೆ ಬಿಟ್ಟು ಹೆಚ್ತೀನಿ, ಸಾಲು ಬಿಟ್ಟು ನೆಡ್ತೀನಿ ಅಕ್ಕ, ಅಭ್ಯಾಸ ಆಗ್ಬಿಟ್ಟಿದೆ, ಕೈ ಮಾತು ಕೇಳಲ್ಲ," ಎಂದರು.