ನಾಲ್ಕೋ ಐದೋ

ನೆಟ್‌ವರ್ಕ್ ಸ್ವಿಚ್ಚಿನ ಎರಡನೇ ದೀಪ ಹಳದಿಯಿಂದ ಹಸಿರಿಗೆ ತಿರುಗುತ್ತಲೇ ಇಲ್ಲ. ಆಸ್ಪತ್ರೆಯ ನೆಲಮಹಡಿಗೂ ಮೇಲ್ಮಹಡಿಗೂ ನಡುವೆ ಇರುವ ಎರಡು ಕೇಬಲ್‌ಗಳಲ್ಲಿ ಈಗ ಒಂದೇ ನಡೆಯುತ್ತಿದೆ. ಸ್ಕ್ಯಾನಿಂಗ್ ಚಿತ್ರಗಳು ಆಪರೇಷನ್ ಕೋಣೆಗೆ ತೆವಳಿಕೊಂಡು ಹೋಗುತ್ತಿವೆ. ನೆಲಮಹಡಿಯ ಸ್ವಿಚ್ಚು ನೋಡಿಕೊಳ್ಳುವ ಆಕೆಗೆ ತಲೆಬುಡ ತಿಳಿಯಲಿಲ್ಲ.

ಎರಡೂ ಮಹಡಿಯ ಸ್ವಿಚ್ಚುಗಳು ಒಂದೇ ಬಳಗವೆಂದು ಒಪ್ಪಿಕೊಳ್ಳಲು ಬಳಗದ ಹೆಸರು, ಯಾವ ಮಾಹಿತಿ ಯಾವ ಕೇಬಲ್‌ನಲ್ಲಿ ಹೋಗಬೇಕೆಂಬ ಪಟ್ಟಿ, ಪರಿಷ್ಕರಣೆಯ ಸಂಖ್ಯೆ ಮೂರೂ ಹೊಂದಬೇಕು; ಇಲ್ಲದಿದ್ದರೆ ಎರಡನೇ ಕೇಬಲ್ ತೆರೆಯುವುದಿಲ್ಲ. ಹೆಸರು ಅದೇ, ಪಟ್ಟಿಯೂ ಅದೇ. ಸಂಖ್ಯೆ? ಬೆಳಿಗ್ಗೆ ಪಟ್ಟಿಯನ್ನು ಇನ್ನೊಮ್ಮೆ ಪರೀಕ್ಷಿಸಿದ ಗುರುತಿಗೆಂದು ಆಕೆಯೇ ನಾಲ್ಕನ್ನು ಐದು ಮಾಡಿದ್ದಳು. ಮೇಲ್ಮಹಡಿಯ ಸ್ವಿಚ್ಚು ನೋಡಿಕೊಳ್ಳುವ ಗಂಡನಿಗೆ ಹೇಳಿರಲಿಲ್ಲ. ನಿನ್ನೆಯಿಂದ ಇಬ್ಬರಿಗೂ ಮಾತಿಲ್ಲ.

ಕೊನೆಗೆ ಫೋನ್ ಎತ್ತಿದಳು. “ನಿಮ್ಮದ್ರಲ್ಲಿ ಸಂಖ್ಯೆ ಎಷ್ಟಿದೆ?”

“ನಾಲ್ಕು. ಯಾಕೆ, ನಿಂದು?”

“ಐದು.”

“ಒಂದು ಮಾತು ಹೇಳ್ಬಹುದಿತ್ತಲ್ಲ,” ಎಂದವನೇ ಫೋನ್ ಇಟ್ಟ.

ಆಕೆ ಬಿಗುಮಾನ ಬದಿಗಿಟ್ಟು ಐದನ್ನು ಅಳಿಸಿ ನಾಲ್ಕು ಒತ್ತಿದಳು. ದೀಪ ಹಳದಿಯೇ. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಪರದೆಯ ಮೇಲಿರುವುದು ನಾಲ್ಕೇ, ಸಂಶಯವಿಲ್ಲ. ಇನ್ನೇನು ಉಳಿದಿದೆ ಎಂದು ಕೈಚೆಲ್ಲಿ ಕೂತಿದ್ದಾಗ ಫೋನ್ ಬಡಿದುಕೊಂಡಿತು.

“ಏನೇ ಇದು, ಹಾಳಾದ್ದು ಇನ್ನೂ ಹಸಿರಾಗ್ತಿಲ್ಲ,” ಎಂದ ಗಂಡ. ಅವನ ದನಿಯಲ್ಲೂ ದಿಗಿಲು. “ನಾನೇ ಸೋತು ಐದಕ್ಕೆ ಬಂದೆ ಕಣೇ.”