ಪೋಸ್ಟರಿನ ಹೆಬ್ಬೆರಳು

“ಇದು ಅಜ್ಜಿ ಹಣೆ ಮೇಲೆ ಬಿತ್ತು,” ಎನ್ನುತ್ತ ಅವಳು ಫೋನನ್ನು ಕೌಂಟರಿನ ಮೇಲಿಟ್ಟಳು. ಇಡುವುದಕ್ಕೂ ಎರಡು ಕೈ ಬೇಕಾಯಿತು.

ಅಂಗಡಿಯ ಸೇಲ್ಸ್‌ಮನ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಅವನ ಮುಖ ಅರಳಿತು. “ನೋಡಿದ್ರಾ ಮೇಡಂ, ಏನೂ ಆಗಿಲ್ಲ! ಕ್ವಾಲಿಟಿ ಅಂದ್ರೆ ಇದು.”

“ಫೋನಿಗೆ ಆಗಿಲ್ಲ. ಅಜ್ಜಿಗೆ ಆಗಿದೆ. ಹಣೆ ನಿಂಬೆಹಣ್ಣಿನ ಹಾಗೆ ಊದಿದೆ.”

ಅಜ್ಜಿ ಅವಳ ಸ್ವಂತ ಅಜ್ಜಿಯಲ್ಲ, ಹೊಟ್ಟೆಪಾಡಿನ ಅಜ್ಜಿ. ಹಾಸಿಗೆ ಹಿಡಿದ ಆ ಮುದುಕಿಯನ್ನು ಹಗಲೆಲ್ಲ ನೋಡಿಕೊಳ್ಳುವುದು ಅವಳ ಕೆಲಸ. ಅಜ್ಜಿಯನ್ನು ಎಬ್ಬಿಸಿ ಕೂರಿಸಿದಾಗ ಒಂದು ಕೈ ಬೆನ್ನಿನ ಹಿಂದೆ ಇರಲೇಬೇಕು, ತೆಗೆದರೆ ಅಜ್ಜಿ ಪಕ್ಕಕ್ಕೆ ವಾಲುತ್ತಾರೆ. ಅಜ್ಜಿಯ ಮಗಳು ಆಫೀಸಿನಿಂದ ಫೋನ್ ಮಾಡುವುದೂ ಸರಿಯಾಗಿ ಅದೇ ಹೊತ್ತಿಗೆ. ನಿನ್ನೆ ಬಲಗೈ ಬೆನ್ನಿಗಿತ್ತು, ಎಡಗೈಯಲ್ಲಿ ಫೋನ್. ಹೆಬ್ಬೆರಳ ಪಕ್ಕದಲ್ಲೇ ಕೆಂಪು ಗುಂಡಿ. ಹಸಿರು ಗುಂಡಿ ಮಾತ್ರ ಆಚೆ ದಡದಲ್ಲಿ. ಹೆಬ್ಬೆರಳು ದಡ ಮುಟ್ಟುವಷ್ಟರಲ್ಲಿ ಫೋನ್ ಅಜ್ಜಿಯ ಹಣೆ ಮುಟ್ಟಿತ್ತು. ಪಾಪ, ಅಜ್ಜಿ ಕಣ್ಣು ಬಿಟ್ಟು, “ಯಾರ ಫೋನಮ್ಮಾ?” ಎಂದಷ್ಟೇ ಕೇಳಿದ್ದರು. ಮಗಳು ಮಾತ್ರ ಸಂಜೆ ಬಂದು ಹಣೆ ನೋಡಿ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿ, ಬೇರೆ ಫೋನ್ ತರಲು ಇವತ್ತೊಂದು ದಿನ ರಜೆ ಕೊಟ್ಟಿದ್ದಳು. ಆ ಕೆಲಸ ಹೋದರೆ ಇನ್ನೊಂದು ಸಿಗುತ್ತದೆಂಬ ಧೈರ್ಯ ಇವಳಿಗಿರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

“ಇದನ್ನ ಇಟ್ಕೊಂಡು ಕೈಯಲ್ಲಿ ಹಿಡಿಯೋಂಥ ಸಣ್ಣ ಫೋನ್ ಕೊಡಿ.”

“ಸಣ್ಣದು ಈಗ ಬರೋದೇ ಇಲ್ಲ ಮೇಡಂ. ಯಾರೂ ಕೇಳಲ್ಲ.”

“ನಾನು ಕೇಳ್ತಾ ಇದೀನಲ್ಲ?”

“ನೀವೊಬ್ರೇ,” ಎಂದ ಸೇಲ್ಸ್‌ಮನ್, ಅದೊಂದು ಕಾಯಿಲೆಯ ಹೆಸರು ಹೇಳುವವನಂತೆ ದನಿ ತಗ್ಗಿಸಿ. “ಅಭ್ಯಾಸ ಆಗ್ಬೇಕು ಅಷ್ಟೇ. ಹೆಬ್ಬೆರಳು ಸ್ವಲ್ಪ ಚಾಚಿ.” ಆಮೇಲೆ ಬಿಲ್ಲಿನ ಪುಸ್ತಕದ ಕಡೆ ತಿರುಗಿ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಎಂದು ಗೊಣಗಿದ. ಗೊಣಗುವುದನ್ನೂ ಗಿರಾಕಿಗೆ ಕೇಳಿಸುವಷ್ಟು ಸ್ಪಷ್ಟವಾಗಿ ಗೊಣಗುವ ತರಬೇತಿ ಅವನಿಗೆ ಆಗಿತ್ತು. ಕೊನೆಗೆ ಗೋಡೆ ತೋರಿಸಿದ. “ಅಲ್ನೋಡಿ, ಅವರು ಹಿಡ್ಕೊಂಡಿಲ್ವಾ?”

ಗೋಡೆಯ ಮೇಲೆ ಬಾಗಿಲಿನಷ್ಟೆತ್ತರದ ಪೋಸ್ಟರ್. ಅದರಲ್ಲಿ ಒಂದು ಕೈ, ಕೈಯಲ್ಲಿ ಇದೇ ಫೋನ್, ಹೆಬ್ಬೆರಳು ಆಚೆ ಮೂಲೆಯಲ್ಲಿ ಹಾಯಾಗಿ ಮಲಗಿದೆ. ಕೆಳಗೆ ದಪ್ಪ ಅಕ್ಷರದಲ್ಲಿ: ಒಂದೇ ಕೈ ಸಾಕು!

ಅವಳು ಹತ್ತಿರ ಹೋಗಿ ನೋಡಿದಳು. ಉಗುರಿಗೆ ಬಣ್ಣ ಬಳಿದಿದ್ದರು, ಚರ್ಮಕ್ಕೆ ಪೌಡರ್ ಮೆತ್ತಿದ್ದರು. ಆದರೆ ಹೆಬ್ಬೆರಳಿನ ಬುಡದಲ್ಲಿದ್ದ ಗಾಯದ ಕಲೆ ಹಾಗೇ ಉಳಿದಿತ್ತು. ಆ ಗಾಯಕ್ಕೆ ಎರಡು ವಾರ ಬಟ್ಟೆ ಕಟ್ಟಿದವಳು ಅವಳೇ.

“ಈ ಕೈ ನಮ್ಮನೆಯವರದು.”

ಸೇಲ್ಸ್‌ಮನ್ ನಕ್ಕ. “ಮೇಡಂ, ಅದು ದೊಡ್ಡ ಮಾಡೆಲ್ ಕೈ. ಅಂಥವರು ಕೈಗೆ ಇನ್ಶೂರೆನ್ಸ್ ಮಾಡಿಸಿರ್ತಾರೆ.”

ಅವಳು ಗಾಜಿನ ಬಾಗಿಲು ತೆರೆದು, “ರೀ, ಒಳಗೆ ಬನ್ನಿ,” ಎಂದು ಕರೆದಳು. ಹೊರಗೆ ಕಾಯುತ್ತಿದ್ದ, ಗೋದಾಮಿನಲ್ಲಿ ಮೂಟೆ ಹೊರುವ ಅವಳ ಗಂಡ ಚಪ್ಪಲಿ ಅಲ್ಲೇ ಬಿಟ್ಟು ಅಳುಕುತ್ತ ಒಳಗೆ ಬಂದ. ಅವಳು ಹೇಳಿದಂತೆ ತನ್ನ ಮೊರದಗಲದ ಅಂಗೈಯನ್ನು ಪೋಸ್ಟರಿನ ಪಕ್ಕದಲ್ಲಿ ಹಿಡಿದ. ಕಲೆ ಅಲ್ಲೂ ಇತ್ತು, ಇಲ್ಲೂ ಇತ್ತು. ಕೆಲವು ತಿಂಗಳ ಹಿಂದೆ ಜಾಹೀರಾತಿಗೆಂದು ಗೋದಾಮಿಗೆ ಬಂದಿದ್ದ ಫೋಟೋದವರು ಎಲ್ಲರ ಕೈ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ಕೂಲಿಯ ಬದಲು ಈ ಫೋನನ್ನೇ ಕೊಟ್ಟು ಹೋಗಿದ್ದರು.

ಸೇಲ್ಸ್‌ಮನ್‌ಗೆ ಸೋಲೆಂಬುದೇ ಗೊತ್ತಿರಲಿಲ್ಲ. “ಸಾರ್! ನೀವೇನಾ! ನಮ್ಮ ಪುಣ್ಯ ಸಾರ್! ಒಂದೇ ಕೈಯಲ್ಲಿ ಹೇಗೆ ಬಳಸೋದು ಅಂತ ಮೇಡಂಗೆ ಸ್ವಲ್ಪ ತೋರಿಸಿಕೊಡಿ.”

“ನಂಗೆ ಬರಲ್ಲ ಸ್ವಾಮಿ,” ಎಂದ ಗಂಡ. “ಈ ಬೆರಳಲ್ಲಿ ಒಂದು ಒತ್ತಿದ್ರೆ ಮೂರು ಒತ್ಕೊಳ್ಳುತ್ತೆ. ಅದಕ್ಕೇ ಇವಳಿಗೆ ಕೊಟ್ಟಿದ್ದು.”

“ಮತ್ತೆ ಪೋಸ್ಟರ್‌ನಲ್ಲಿ?”

“ಅವತ್ತು ಫೋನ್ ಆಫ್ ಇತ್ತು. ಒತ್ತೋದೆಲ್ಲ ಬೇಡ, ಸುಮ್ನೆ ಹಿಡ್ಕೋ ಅಂದ್ರು. ಮೂಟೆ ಹಿಡಿಯೋ ಕೈ, ಹಿಡ್ಕೊಂಡೆ.”

ಸೇಲ್ಸ್‌ಮನ್ ಬಿಲ್ಲಿನ ಪುಸ್ತಕ ತೆರೆದು, ಮತ್ತೆ ಮುಚ್ಚಿದ. ಅಷ್ಟರಲ್ಲಿ ಕೌಂಟರಿನ ಮೇಲಿದ್ದ ಫೋನ್ ಗುಂಯ್‌ಗುಟ್ಟಿತು. ಅಜ್ಜಿಯ ಮಗಳು. ಗಂಡ ಫೋನನ್ನು ಎತ್ತಿ ಥೇಟ್ ಪೋಸ್ಟರಿನಂತೆ ಹಿಡಿದ. ಅವಳು ತೋರುಬೆರಳಿನಿಂದ ಹಸಿರು ಗುಂಡಿ ಒತ್ತಿ, ಸ್ಪೀಕರ್ ಹಾಕಿದಳು.

“ಬೇರೆ ಫೋನ್ ಸಿಕ್ತಾ? ನಾಳೆಯಿಂದ ಅಮ್ಮನ ಬೆನ್ನು ಬಿಡದೆ ಫೋನ್ ತೆಗೆಯೋಕೆ ಆಗುತ್ತಾ, ಇಲ್ವಾ? ಈಗಲೇ ಹೇಳಿಬಿಡು. ಇನ್ನೊಬ್ಬಳು ಕಾಯ್ತಾ ಇದಾಳೆ.”

ಅವಳು ಸೇಲ್ಸ್‌ಮನ್‌ನನ್ನು ನೋಡಿದಳು. ಅವನು ಸೂರು ನೋಡುತ್ತಿದ್ದ. ಅವಳು ಗೋಡೆಯ ಮೇಲಿನ ಕೈಯನ್ನು ನೋಡಿದಳು, ಆಮೇಲೆ ಎದುರಿಗಿದ್ದ ಕೈಯನ್ನು.

“ಆಗುತ್ತಮ್ಮಾ,” ಎಂದಳು. “ನಾಳೆಯಿಂದ ನಮ್ಮನೆಯವರನ್ನೂ ಕರ್ಕೊಂಡು ಬರ್ತೀನಿ. ಅವರು ಹಿಡ್ಕೋತಾರೆ, ನಾನು ಒತ್ತುತ್ತೀನಿ.”