ಮಡಚದ ಕಾಲು

"ಗೋಡಿಗೆ ಬೆನ್ನು ಹಚ್ಚಿ, ಚಕ್ಕಳಮಕ್ಕಳ ಹಾಕಿ ಕೂಡ್ರಿ, ಕಣ್ಣು ಮುಚ್ರಿ" ಎಂದು ವಿಶಾಖಾ ಹೇಳಿದ್ದೇ ತಡ, ಕಸ್ತೂರಿಬಾಯಿ ಚೇಳು ಕಡಿದವರಂತೆ ಗೋಡೆಯಿಂದ ದೂರ ಸರಿದರು.

"ಹಾಂಗ ಕೂಡಸಬ್ಯಾಡವ್ವಾ. ಹಾಂಗ ನಾವು ಸತ್ತೋರ್ನ ಕೂಡಸ್ತೀವಿ."

ಬಸವಕಲ್ಯಾಣದ ಆ ಸಮುದಾಯ ಭವನದಲ್ಲಿ ಚಾಪೆ ಹಾಸಿ ಕೂತಿದ್ದ ಹೆಂಗಸರೆಲ್ಲ ಕಣ್ಣು ತೆರೆದು ಅವರತ್ತ ತಿರುಗಿದರು. ಯೋಗ ಕಲಿಸುವ ವಿಶಾಖಾ ನಾಲಿಗೆ ಕಚ್ಚಿಕೊಂಡಳು. ಪಕ್ಕದ ಹಳ್ಳಿ ಮೋರಖಂಡಿಯ ಅವಳ ಕೇರಿಯಲ್ಲಿ ಸತ್ತವರನ್ನು ಮಲಗಿಸಿಯೇ ಒಯ್ಯುತ್ತಾರೆ. ಲಿಂಗಾಯತರ ಮನೆಗಳಲ್ಲಿ ಕಾಲು ಮಡಚಿ, ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ ಎಂಬುದು ಅವಳಿಗೇನು ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಚಾಪೆ ಹಾಸಿದ ಮೇಲೆ ಯೋಗದ ಟೀಚರಿಗೆ ಮನುಷ್ಯರು ಕಾಣುವುದಿಲ್ಲ, ಬರೀ ಬೆನ್ನು ಮೊಣಕಾಲುಗಳೇ ಕಾಣುತ್ತವೆ.

ಕಸ್ತೂರಿಬಾಯಿ ಯೋಗದ ಶೋಕಿಗೆ ಬಂದವರಲ್ಲ. ಮಗಳು ರೂಪಾಲಿ ಹುಮನಾಬಾದಿನಲ್ಲಿ ಹಡೆದಿದ್ದಳು, ಬರುವ ವಾರ ಕೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಕೂಸಿಗೆ ಎಣ್ಣೆ ಹಚ್ಚಿ ನೀರು ಎರೆಯಬೇಕೆಂದರೆ ಬಚ್ಚಲಲ್ಲಿ ನೆಲಕ್ಕೆ ಕೂತು, ಚಾಚಿದ ಕಾಲ ಮೇಲೆ ಅದನ್ನು ಮಲಗಿಸಿಕೊಳ್ಳಬೇಕು. ಕಸ್ತೂರಿಬಾಯಿಯ ಟೊಂಕವೋ, ಎರಡು ವರ್ಷದಿಂದ ತುಕ್ಕು ಹಿಡಿದ ಬೀಗ. ಊಟಕ್ಕೂ ಕುರ್ಚಿ, ಲಿಂಗಪೂಜೆಗೂ ಕುರ್ಚಿ. ಡಾಕ್ಟರು ಎಕ್ಸರೇ ತೆಗೆಸಿ, "ಎಲುಬು ಗಟ್ಟಿ ಅದ, ಏನೂ ಆಗಿಲ್ಲ" ಎಂದು ಸಾಗಹಾಕಿದ್ದರು. "ಎರಿಯಾಕ ಯಾರನ್ನರ ಹಚ್ಚೋಣ ಬಿಡವ್ವಾ" ಎಂದು ರೂಪಾಲಿ ಫೋನಿನಲ್ಲಿ ಸಹಜವಾಗಿಯೇ ಅಂದಿದ್ದಳು. ಅಜ್ಜಿ ಬದುಕಿದ್ದೂ ಮೊಮ್ಮಗನಿಗೆ ಬಾಡಿಗೆ ಕೈಯೇ? ಆ ಮಾತು ಕೇಳಿದ ಮರುದಿನವೇ ಕಸ್ತೂರಿಬಾಯಿ ಚಾಪೆ ಹಿಡಿದು ಬಂದಿದ್ದರು.

"ಆತು, ಮಲಕೊಂಡೇ ಮಾಡ್ರಿ" ಎಂದು ವಿಶಾಖಾ ಅವರನ್ನು ಅಂಗಾತ ಮಲಗಿಸಿ, ಎರಡೂ ಅಂಗಾಲು ಜೋಡಿಸಿ, ಮೊಣಕಾಲುಗಳ ಕೆಳಗೆ ಆಚೆಗೊಂದು ಈಚೆಗೊಂದು ದಿಂಬು ಇಟ್ಟಳು. ಮೊಣಕಾಲು ದಿಂಬಿಗೆ ಮುಟ್ಟಲೇ ಇಲ್ಲ, ಗೇಣು ಮೇಲೆಯೇ ನಿಂತವು.

"ಟೊಂಕ ಅಂದ್ರ ಮನಸಿನ ಟ್ರಂಕು ಅಕ್ಕಾ. ಹೇಳಲಾರದ್ದೆಲ್ಲ ಅದರಾಗ ತುಂಬಿ ಇಟ್ಟಿರ್ತೀವಿ." ಪುಣೆಯ ತರಬೇತಿಯಲ್ಲಿ ಕೇಳಿದ ಮಾತಿಗೆ ವಿಶಾಖಾ ತಾನೇ ಹೊಸೆದ ಪ್ರಾಸವಿದು. ಹೇಳಿದಾಗಲೆಲ್ಲ ಹೆಂಗಸರು ನಗುತ್ತಿದ್ದರು. ಅದರ ಮೇಲೆ ಅವಳಿಗೂ ನಂಬಿಕೆ ಅಷ್ಟಕ್ಕಷ್ಟೇ. ಇವತ್ತು ಯಾರೂ ನಗಲಿಲ್ಲ. ಅವಳು ಕಸ್ತೂರಿಬಾಯಿಯ ತೊಡೆಯ ಕೆಳಗೆ ಅಂಗೈ ಕೊಟ್ಟು, "ನೀವು ಕಾಲು ಇಳಸಬ್ಯಾಡ್ರಿ. ಉಸಿರು ಬಿಡ್ರಿ, ಸಾಕು. ಅವೇ ಇಳೀತಾವ" ಎಂದಳು.

"ಅವನ ಕಾಲೂ ಹಿಂಗೇ ಸೆಟದು ನಿಂತಿದ್ವು" ಎಂದರು ಕಸ್ತೂರಿಬಾಯಿ, ಕಣ್ಣು ಮುಚ್ಚಿಯೇ.

"ಯಾರದ್ರಿ?"

"ನನ್ನ ಮಗಾ ಬಸವಕಿರಣಂದು. ಎರಡು ವರ್ಷ ಆತು, ಹೈವೇದಾಗ ಲಾರಿ ಬಡೀತು. ದವಾಖಾನಿಯಿಂದ ಮನಿಗಿ ತರೋ ಹೊತ್ತಿಗಿ ಮೈಯೆಲ್ಲಾ ಕಟಿಗಿ ಆಗಿತ್ತು. ಕೂಡಸಾಕ ಬರಲೊಲ್ದು. ಗಂಡಸ್ರು ಜಗ್ಗಾಕ ಬಂದ್ರು, ಮುಟ್ಟಬ್ಯಾಡ್ರಿ ಅಂದೆ. ಬಿಸಿನೀರಾಗ ಅರಿವಿ ಅದ್ದಿ ಕಾವು ಕೊಟ್ಟೆ, ಎಣ್ಣಿ ಹಚ್ಚಿ ತಿಕ್ಕಿದೆ. ಕೂಸಿದ್ದಾಗ ಎರದು ಮಡಚತಿದ್ನಲ್ಲ, ಹಾಂಗೇ. ಮಡಚು ನನ್ನಪ್ಪಾ, ಮಡಚು ನನ್ನ ಬಂಗಾರಾ ಅಂದೆ. ಕೇಳಿದ್ನವ್ವಾ ನನ್ನ ಮಾತು. ಇವೇ ಕೈಲೆ ಮಡಚಿ ಕೂಡಸಿದೆ. ಅಳಲಿಲ್ಲ. ಅತ್ರ, ಶಿವನ ಕಡಿ ಹೊಂಟ ಜೀವಾ ಹೊಳ್ಳಿ ನೋಡ್ತದ ಅಂತಾರ."

ವಿಶಾಖಾಳ ಅಂಗೈ ಮೇಲೆ ಆ ತೊಡೆ ಥರಗುಟ್ಟತೊಡಗಿತು. ಆಮೇಲೆ ಎಲ್ಲಿಂದಲೋ ಒಂದು ದನಿ ಎದ್ದಿತು. ಅದು ಅಳು ಎಂದು ಗೊತ್ತಾಗಲು ಹೆಂಗಸರಿಗೆ ಒಂದು ಕ್ಷಣ ಹಿಡಿಯಿತು. "ಕಸ್ತೂರಕ್ಕಾ, ಲಿಂಗೈಕ್ಯ ಆದವರಿಗಿ ಅಳಬಾರದು" ಎನ್ನುತ್ತ ಪಕ್ಕದ ಮನೆಯ ದ್ರೌಪತಿ ಎದ್ದು ಬಂದಳು.

"ತಡೀರಿ" ಎಂದು ವಿಶಾಖಾ ಕೈ ಅಡ್ಡ ಮಾಡಿದಳು. "ಕಾಲು ನೋಡ್ರಿ."

ಕಾಲು ಇಳಿಯುತ್ತಿದ್ದವು. ಯಾರೂ ಒತ್ತಿರಲಿಲ್ಲ. ಒಂದು ಬಿಕ್ಕಿಗೆ ಬೆರಳಷ್ಟು ಇಳಿದವು, ನಿಂತವು, ಮತ್ತೊಂದು ಬಿಕ್ಕಿಗೆ ಮತ್ತಷ್ಟು ಇಳಿದವು. ಕೊನೆಗೆ ಎರಡೂ ಮೊಣಕಾಲು ಸದ್ದಿಲ್ಲದೆ ದಿಂಬಿಗೆ ಒರಗಿಕೊಂಡವು. ವಿಶಾಖಾ ತೊಡೆಯ ಕೆಳಗಿನ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು. ತಾನು ಗಿಳಿಪಾಠ ಒಪ್ಪಿಸುತ್ತಿದ್ದ ಮಾತು ನಿಜವೆಂದು ಕಣ್ಣಾರೆ ಕಂಡದ್ದು ಇದೇ ಮೊದಲು. ಕಂಡು ಹೆದರಿಕೆಯೂ ಆಯಿತು. ಎಲುಬು, ಕೀಲು ಎಂದು ದಿನಾ ಮುಟ್ಟುವ ಈ ಮೈಗಳೊಳಗೆ ಯಾರ್ಯಾರು ಕೂತಿದ್ದಾರೋ, ಎಷ್ಟು ದಿನದಿಂದ ಕೂತಿದ್ದಾರೋ! ಗುಡಿಗೆ ಹೋಗಿ ಅಭ್ಯಾಸವಿಲ್ಲದ ಹುಡುಗಿ, ಎದುರಿಗಿದ್ದ ಆ ಜೋಡಿ ಅಂಗಾಲುಗಳಿಗೆ ತನಗೇ ತಿಳಿಯದೆ ಕೈ ಮುಗಿದಳು.

"ಮಡಚಿದ್ವೇನವ್ವಾ?" ಅಳುವಿನ ನಡುವೆಯೇ ಕೇಳಿದರು ಕಸ್ತೂರಿಬಾಯಿ.

"ಹೌದ್ರಿ. ತಾವೇ ಮಡಚಿದ್ವು."

ಅಂದಿನಿಂದ ಅವರು ಒಂದು ದಿನವೂ ತಪ್ಪದೆ ಬಂದರು, ಅತ್ತರು, ಹಗುರಾಗಿ ಹೋದರು. ರೂಪಾಲಿ ಬಂದ ಮೇಲೆ ಮಾತ್ರ ಪತ್ತೆಯಿಲ್ಲ. ಮತ್ತೆ ಟೊಂಕ ಹಿಡಿಯಿತೋ ಏನೋ ಎಂದು ವಿಶಾಖಾ ಒಂದು ಮುಂಜಾನೆ ಅವರ ಮನೆಗೆ ಹೋದಳು. ಬಚ್ಚಲಲ್ಲಿ ಕಸ್ತೂರಿಬಾಯಿ ನೆಲಕ್ಕೆ ಕೂತಿದ್ದರು. ಚಾಚಿದ ಕಾಲ ಮೇಲೆ ಎಣ್ಣೆ ಮಿಂದ ಕೂಸು. ಅದರ ಪುಟ್ಟ ಕಾಲುಗಳನ್ನು ಒಂದರ ಮೇಲೊಂದು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದರು. ಕೂಸು ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು.

"ಸಾಕ್ ಮಾಡವ್ವಾ, ಎಷ್ಟ ಅಳಾಕತ್ತಾನ!" ಬಾಗಿಲಲ್ಲಿ ನಿಂತ ರೂಪಾಲಿಗೆ ಜೀವ ತಡೆಯದು.

"ಅಳ್ಳಿ ಬಿಡು" ಎಂದರು ಕಸ್ತೂರಿಬಾಯಿ. "ಅಳೋರ ಕಾಲೇ ಮಡಚತಾವ."